ಅಂದ್ರ

ನಾಲ್ಕು ವರ್ಷದಿಂದ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿದ್ದೇನೆ,
ಗಾಣದೆತ್ತಿನಂತೆ ಎನ್ನಬಹುದಿತ್ತು,
ಆದರೆ ನಮ್ಮ ಓಣಿಯಲ್ಲಿ ಗಾಣವಿಲ್ಲ, ಹತ್ತಿ ಗಿರಣಿ ಇದೆ.

ಮಾತಿಗೆ ಅರ್ಥ ಎಲ್ಲಿಂದ ಬರುತ್ತದೆ?
ವಸ್ತುವಿನ ಕಡೆ ಬೆರಳು ಮಾಡುವುದರಿಂದ ಅಂದವರಿದ್ದಾರೆ.
ನಾನು ಆ ಬೆರಳನ್ನು ನಂಬದವಳು.
'ಮತ್ತು' ಎಂಬುದಕ್ಕೆ ಎತ್ತ ಬೆರಳು ಮಾಡುತ್ತೀರಿ?
'ಇಲ್ಲ' ಎಂಬುದು ಯಾವ ಮೂಲೆಯಲ್ಲಿ ಕೂತಿದೆ?
ಮಾತಾಡುವ ಹಕ್ಕು ಯಾವುದರಿಂದ ಬಂತು,
ಆಡಿದ ಮೇಲೆ ಯಾವುದಕ್ಕೆ ಕಟ್ಟುಬಿದ್ದೆ,
ಈ ಎರಡು ಬಾಗಿಲ ನಡುವಿನ ಪಡಸಾಲೆಯೇ ಅರ್ಥ
ಎಂದು ಮೂರನೆಯ ಅಧ್ಯಾಯದಲ್ಲಿ ಬರೆದೆ.
ಮಾರ್ಗದರ್ಶಕರು ಅಂಚಿನಲ್ಲಿ ಪೆನ್ಸಿಲ್ ಮಾಡಿದರು:
ಪಡಸಾಲೆ ಬೇಡ. ವ್ಯಾಖ್ಯೆ ಕೊಡಿ.

ಯುಗಾದಿಗಿನ್ನೂ ವಾರವಿದೆ. ರಾಯಚೂರಿನ ರಾತ್ರಿ ಹನ್ನೊಂದಕ್ಕೂ
ಮಾಳಿಗೆಯ ಬಂಡೆ ಇಳಿಸಿಟ್ಟ ಹಂಚಿನ ಹಾಗೆ.
ನೀರು ಚಿಮುಕಿಸಿ ಕೌದಿ ಹಾಸಿ
ಹುಬ್ಬಿನ ಮೇಲೆ ಅರಳೆಯ ಎಳೆ ಹೊತ್ತುಕೊಂಡೇ
ಅವ್ವ, ಹುಸೇನಮ್ಮ, ಕೇಳಿದಳು:
"ಅನುಮಾನದ ಮ್ಯಾಲ ಓದ್ತಾಳ ಅಂತಾರ ಓಣ್ಯಾಗ.
ಯಾರ ಮ್ಯಾಲವ್ವಾ ನಿನಗ ಅನುಮಾನ?"

ಆ ಅನುಮಾನ ಅಲ್ಲ ಅಂದೆ.
ಹೊಗೆ ಕಂಡು ಬೆಂಕಿ ಇದೆ ಅಂತ ತಿಳಿಯೋದು, ಅದು.
ಅವಳು ಶಕ್ತಿನಗರದ ಕಡೆ ಮುಖ ತಿರುಗಿಸಿದಳು.
"ಅಲ್ಲಿ ದುಂಡನ್ನ ಗೋಪುರದಾಗ ಬೆಳ್ಳಗ ಏಳ್ತೈತಲ್ಲ,
ಅದು ಹೊಗಿ ಅಲ್ಲ, ಉಗಿ.
ಬೂದಿ ಹೊರಾಕ ಹೋಗ್ತಿದ್ದ ನಿಮ್ಮಪ್ಪ, ಹೇಳಿದ್ದ."
ತರ್ಕದವರ ಹಳೆಯ ಬೆಟ್ಟ ತಣ್ಣಗಾಯಿತು.

ಸೋಲೊಪ್ಪದೆ ಹತ್ತಿ ಹಿಡಿದೆ:
ಅರಳೆಯೂ ಬೀಜವೂ, ಎರಡು 'ಊ' ಹಾಕಿದರೆ ಒಂದು ಗಂಟು.
ಯಂತ್ರಕ್ಕೆ ಕೊಟ್ಟರೆ ಅರಳೆ ಅತ್ತ, ಬೀಜ ಇತ್ತ.
ಕೊಟ್ಟದ್ದಕ್ಕಿಂತ ಗುಂಜಿ ಹೆಚ್ಚು ಹೊರಬಂದರೆ
ತಕ್ಕಡಿ ಸುಳ್ಳು, ಇಲ್ಲಾ ಪದ ಸುಳ್ಳು.
"ಕಸಾ ಬಿಟ್ಟಿ," ಅಂದಳು. "ತೂಕದಾಗ ಕಸಾನೂ ಇರ್ತೈತಿ."

ಆಮೇಲೆ, ಎಲೆಗೆ ಸುಣ್ಣ ಸವರುತ್ತ,
"ಪಿಎಚ್‌ಡಿ ಅಂದ್ರ ಏನು?"

ಅಂದ್ರ.
ಹುಟ್ಟಿದಾಗಿನಿಂದ ಕೇಳಿದ ಪದ, ಈಗ ಕಿವಿಗೆ ಬಿತ್ತು.
ಅನ್ನು, ಅದರ ಬಾಲಕ್ಕೊಂದು 'ರೆ',
ನಮ್ಮ ಬಿಸಿಲಿಗೆ ಒಣಗಿ 'ರ' ಆದದ್ದು.
ಕನ್ನಡದಲ್ಲಿ ಅರ್ಥ ಕೇಳುವುದೇ ಹಾಗೆ:
ಅದು ಯಾವುದನ್ನು ತೋರಿಸುತ್ತದೆ ಎಂದಲ್ಲ,
ಹಾಗಂತ ಅಂದುಬಿಟ್ಟರೆ ಮುಂದೇನು ಎಂದು.
ನಾನು ಮೂರು ಅಧ್ಯಾಯ ಹೊತ್ತು ತಿರುಗಿದ್ದು
ಅವಳ ಎಲೆಯಡಿಕೆಯ ಬಾಯಲ್ಲಿತ್ತು.

ಎದ್ದು ಕೂತು ಪರೀಕ್ಷೆ ಮಾಡಿದೆ.
ಸಾಹುಕಾರ 'ಮುಂದಿನ ವಾರ ನೋಡಾಮು' ಅಂದ್ರ?
"ಕೆಲಸ ಇಲ್ಲ ಅಂತ."
ನನ್ನ ನೋಡಾಕ ಬಂದೋರು 'ಊರಿಗಿ ಹೋಗಿ ಹೇಳಿ ಕಳಿಸ್ತೀವಿ' ಅಂದ್ರ?
"ಅವಲಕ್ಕಿ ದಂಡ ಅಂತ."
ಯಾವ ನಿಘಂಟಿನಲ್ಲಿ ಇದೆ ಇದು?

ಹುರುಪಿನಲ್ಲಿ ಇನ್ನೊಂದೂ ಹೇಳಿದೆ, ಹೇಳಬಾರದಿತ್ತು:
ಸಾಧಿಸುವಾಗ ಒಮ್ಮೊಮ್ಮೆ ನಮ್ಮಲ್ಲಿಲ್ಲದ್ದನ್ನು
'ಇದೆ ಅಂದುಕೊಳ್ಳೋಣ' ಅಂತ ತರುತ್ತೇವೆ,
ಪಕ್ಕದ ಮನೆಯಿಂದ ಸೇರು ಜೋಳ ಕಡ ತಂದ ಹಾಗೆ.
ಕೊನೆಗೆ ಹಿಂದಿರುಗಿಸಬೇಕು. ಇಲ್ಲದಿದ್ದರೆ
ಕಟ್ಟಿದ್ದೆಲ್ಲ ಆ ಕಡದ ಮೇಲೇ ನಿಂತಿರುತ್ತದೆ.

ಅವಳು ಸುಮ್ಮನಾದಳು.
ಲಾರಿ ಹತ್ತಿ ಹೋದವನು, ಹನ್ನೊಂದು ವರ್ಷ.
ಹೆಬ್ಬೆಟ್ಟು ಒತ್ತಲು ಬಾರದವನ ಪಾಲಿನ ಅಕ್ಕಿ ನಿಂತಿತು,
ರೇಷನ್ ಕಾರ್ಡಿನಲ್ಲಿ ಹೆಸರು ತೆಗೆಸಲು ಅವಳು ಒಪ್ಪಲಿಲ್ಲ.
ಹಸಿರು ಬಳೆ, ಹಣೆಯ ಕುಂಕುಮ,
ಹಬ್ಬಕ್ಕೊಮ್ಮೆ ತೊಳೆದಿಡುವ ಅಂಗಿ,
ಒಂದೇ ಊಹೆಯ ಅಡಿ ಸಾಲು ಸಾಲು.
ತಪ್ಪು ಹುಡುಕಿ ನೋಡಿದ್ದೇನೆ.
ಒಂದು ಹೆಜ್ಜೆಯೂ ನಿಯಮ ಮುರಿದಿಲ್ಲ.

"ಆತ ಬಂದ್ರ..." ಅಂದಳು, ಎಷ್ಟೋ ಹೊತ್ತಿನ ಮೇಲೆ,
ಮಗ್ಗುಲು ಬದಲಿಸಿದಳು.

ಅಂದ್ರ? ಎಂದು ನಾನು ಕೇಳಲಿಲ್ಲ.
ಗಿರಣಿಯಲ್ಲಿ ರಾತ್ರಿ ಪಾಳಿಯ ಸೈರನ್ ಕೂಗಿತು.
ಕೌದಿಯ ಮೇಲೆ ಒಂದು ಎಳೆ ಅರಳೆ
ಗಾಳಿಯಿಲ್ಲದೆ ಬಿದ್ದಲ್ಲೇ ಬಿದ್ದಿತ್ತು.